ವಿಯೋನೊ ಆರಿಸಿದ ರ್‍ಯಾಕೆಟ್

"ಮೊದಲು ನಿಮ್ಮ ಆಟ ಎಂಥದು ಅಂತ ಹೇಳಿ ಅಣ್ಣ. ಆಮೇಲೆ ಯಾವುದು ಕೊಡ್ಲಿ ಅಂತ ನೋಡ್ತೀನಿ," ಎಂದ ಆಟದ ಸಾಮಾನಿನ ಅಂಗಡಿಯ ಲಿಯಾಂಗ್.

ವಿಯೋನೊ ಗೋಡೆಗೆ ತೂಗುಹಾಕಿದ್ದ ರ್‍ಯಾಕೆಟ್ಟುಗಳ ಕಡೆ ನೋಡಿದ. ಆರು ವರ್ಷದಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಅವನು ಟೆನಿಸ್ ಆಡುತ್ತಿದ್ದನೇನೋ ನಿಜ. ಆದರೆ ಅದು ಅವನ ಆಟವಲ್ಲ, ನೀರಾವರಿ ಕಚೇರಿಯ ಮುಖ್ಯಸ್ಥರಾದ ಪಾಕ್ ಸಿನಾಗರ, ಅಂದರೆ ಸಿನಾಗ ಸಾಹೇಬರ, ಆಟ. ಅವರ ಬಲಗೈಗೆ, ಸೊಂಟದ ಎತ್ತರಕ್ಕೆ, ಎರಡು ಹೆಜ್ಜೆಗಿಂತ ಹೆಚ್ಚು ಓಡಿಸದಂತೆ ಚೆಂಡು ಕಳಿಸಬೇಕು. ಕೊನೆಗೆ ಸೋಲಬೇಕು, ಅದೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಸಾಹೇಬರನ್ನು ಸೋಲಿಸುವ ಗುಮಾಸ್ತ ಸುಮಾತ್ರಾದ ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವನ ಹಳೆಯ ರ್‍ಯಾಕೆಟ್ಟೂ ಅಂಥದ್ದೇ. ದೊಡ್ಡ ಮುಖ, ಹಗುರ ಮೈ, ಚೆಂಡನ್ನು ಮೆತ್ತಗೆ ತೇಲಿಸುವುದಕ್ಕೆಂದೇ ಕೊಂಡದ್ದು.

ಹೆಂಡತಿ ರತ್ನಿಂಗ್ಸಿ ಸಮುದ್ರದಾಚೆ ಜಾವಾದ ಸಲಾಟಿಗದಲ್ಲಿ ಸರ್ಕಾರಿ ಶಾಲೆಯ ಟೀಚರು. ಮಗಳೂ ಅಲ್ಲೇ. ಕಳೆದ ಹಬ್ಬಕ್ಕೆ ಹೋದಾಗ ಅವನಿನ್ನೂ ಬೂಟು ಬಿಚ್ಚುತ್ತಿದ್ದ, ಏಳು ವರ್ಷದ ಆ ಮಗು ನೆಂಟರನ್ನು ಕೇಳುವ ಮರ್ಯಾದೆಯಲ್ಲಿ, ತಾವು ವಾಪಸ್ ಹೋಗುವುದು ಯಾವಾಗ ಎಂದು ಕೇಳಿತ್ತು. ವರ್ಗಾವಣೆಗೆ ಆಗಲೇ ನಾಲ್ಕು ಅರ್ಜಿ ಹಾಕಿದ್ದ. ಹೋದ ವಾರ ಕಡತ ನೋಡಿಕೊಳ್ಳುವ ಯುಲಿಯಾರ್ತಿ ಬಾಯಿ ಬಿಟ್ಟಳು.

"ನಿನ್ನ ಅರ್ಜಿ ಎಲ್ಲೂ ಕಳೆದುಹೋಗಿಲ್ಲ ಕಣಪ್ಪ. ಪ್ರತಿ ಸಲ ಸಾಹೇಬ್ರು ಕೈಗೆ ತಗೋತಾರೆ, 'ಇವನು ಹೋದ್ರೆ ಶುಕ್ರವಾರ ನಂಗ್ಯಾರು ಗತಿ' ಅಂತಾರೆ, ಕೆಳಗಿಡ್ತಾರೆ."

ಅಷ್ಟು ಚೆನ್ನಾಗಿ ಸೋತದ್ದೇ ತಪ್ಪಾಗಿತ್ತು! ಒಮ್ಮೆ ನಾಲ್ಕು ಜನರ ಎದುರು ಸೋಲಿಸಿಬಿಟ್ಟರೆ ಇವನ ಸಹವಾಸವೇ ಬೇಡವೆಂದು ಸಾಹೇಬರು ಸಹಿ ಹಾಕಿಯಾರು ಎಂದು ಲೆಕ್ಕ ಹಾಕಿ ಅವನು ಅಂಗಡಿಗೆ ಬಂದಿದ್ದ.

"ಹೊಡೆಯೋ ಆಟ," ಎಂದ ವಿಯೋನೊ ಕೊನೆಗೆ.

ಲಿಯಾಂಗ್ ಅವನನ್ನೇ ಮೇಲಿಂದ ಕೆಳಗೆ ನೋಡಿ, ಚಿಕ್ಕ ಮುಖದ, ಸ್ವಲ್ಪ ಭಾರದ ರ್‍ಯಾಕೆಟ್ ಕೊಟ್ಟು, ಇದು ಅರೆಮನಸ್ಸಿನವರ ಕೈಗಲ್ಲ ಎಂದ. ಹಿತ್ತಲ ಗೋಡೆಗೆ ವಿಯೋನೊ ನಾಲ್ಕು ಚೆಂಡು ಹೊಡೆದ. ಐದನೆಯದಕ್ಕೆ ಭುಜ ತಾನಾಗಿ ತಿರುಗಿತು. ಕಾಲೇಜಿನ ದಿನಗಳಲ್ಲಿ ಕೇಳಿದ್ದ ಸದ್ದು ಗೋಡೆಯಿಂದ ವಾಪಸ್ ಬಂತು. ಅವನಿಗೆ ನಗು ತಡೆಯಲಾಗಲಿಲ್ಲ.

ಶುಕ್ರವಾರ ಅವನು ಒಂದು ಚೆಂಡನ್ನೂ ತೇಲಿಸಲಿಲ್ಲ. ಪಾಕ್ ಸಿನಾಗ ಎಡಕ್ಕೆ ಓಡಿದರು, ಬಲಕ್ಕೆ ಓಡಿದರು, ಆಮೇಲೆ ಓಡುವುದನ್ನೇ ಬಿಟ್ಟರು. ಆರು-ಒಂದು. ಬೆಂಚಿನ ಮೇಲೆ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದ ಕಚೇರಿಯವರು ತಲೆ ಬಗ್ಗಿಸಿ ಕೂತರು. ವಿಯೋನೊಗೆ ಹೆದರಿಕೆಯೂ ಆಯಿತು, ಹಬ್ಬವೂ ಆಯಿತು.

ಸಾಹೇಬರು ಬೆವರು ಒರೆಸುತ್ತಾ ನೆಟ್ಟಿನ ಹತ್ತಿರ ಬಂದರು.

"ಆರು ವರ್ಷ ಈ ಆಟಾನ ಎಲ್ಲಿ ಬಚ್ಚಿಟ್ಟಿದ್ದೆಯೋ, ಕಳ್ಳ?" ಎಂದರು. ಅವರ ಮುಖದ ತುಂಬ ನಗುವಿತ್ತು. "ಇಲಾಖೆಗಳ ಡಬಲ್ಸ್ ಕಪ್ ಪಂದ್ಯದಲ್ಲಿ ವರ್ಷಾ ವರ್ಷಾ ಮೊದಲನೇ ಸುತ್ತಲ್ಲೇ ಮಣ್ಣು ಮುಕ್ತಿದ್ದೀನಿ. ಇನ್ಮೇಲೆ ನನ್ನ ಜೋಡಿ ನೀನೇ."

"ಪಾಕ್, ನನ್ನ ವರ್ಗಾವಣೆ ಅರ್ಜಿ..."

"ಇಂಥ ಕೈನ ಯಾವನಾದ್ರೂ ಬಿಟ್ಟುಕೊಡ್ತಾನೇನೋ?" ಎಂದು ಅವನ ಬೆನ್ನು ತಟ್ಟಿದರು.

ಅವರ ನಿವೃತ್ತಿಗೆ ಇನ್ನೂ ಒಂಬತ್ತು ವರ್ಷವಿತ್ತು. ಮತ್ತೆ ಸೋಲೋಣವೆಂದರೆ ಅದಕ್ಕೂ ದಾರಿ ಉಳಿದಿರಲಿಲ್ಲ. ಅವನ ಆಟವನ್ನು ಈಗ ಎಲ್ಲರೂ ಕಣ್ಣಾರೆ ಕಂಡಾಗಿತ್ತು. ಅತ್ತ ದರಿ, ಇತ್ತ ಪುಲಿ.

ಅಭ್ಯಾಸ ಆಗಲೇ ಶುರುವಾಯಿತು. ಎದುರಿಗೆ ಇಬ್ಬರು ಗುಮಾಸ್ತರು ಬಂದು ನಿಂತರು. ಸಾಹೇಬರು ಸರ್ವ್ ಮಾಡಲು ಹಿಂದಕ್ಕೆ ಹೋದರು, ವಿಯೋನೊನನ್ನು ಮುಂದೆ ನೆಟ್ಟಿಗೆ ಕಳಿಸಿದರು, ತಿರುಗಿ ನೋಡಬೇಡ ಎಂದರು. ಎದುರಿನವರ ಬೆನ್ನ ಹಿಂದೆ ಮೈದಾನದ ಗೇಟು ತೆರೆದೇ ಇತ್ತು, ಹಬ್ಬಕ್ಕೆ ಸಲಾಟಿಗಕ್ಕೆ ಹೊರಡುವಾಗ ಅವನು ಹಿಡಿಯುವ ರಸ್ತೆ ಅದರಾಚೆ ಕಾಣುತ್ತಿತ್ತು. ಹಿಂದಿನಿಂದ ಚೆಂಡನ್ನು ನೆಲಕ್ಕೆ ಕುಟ್ಟುವ ಸದ್ದು ಬಂತು, ಒಂದು ಸಲ, ಎರಡು ಸಲ. ವಿಯೋನೊ ರ್‍ಯಾಕೆಟ್ ಎದೆಮಟ್ಟಕ್ಕೆ ಹಿಡಿದು ಮಂಡಿ ಬಗ್ಗಿಸಿದ.