ಅಕ್ಕನ ಕಣದ ಕಾಫಿ

ಪೇಟೆಯಲ್ಲಿ ಎಲ್ಲರೂ ಅವಳನ್ನು ಪುಡಿಯಮ್ಮ ಎಂದೇ ಕರೆಯುತ್ತಿದ್ದರು. ಕಾಫಿ ಬೀಜ ಹುರಿದು, ಬೀಸಿ, ಪುಡಿ ಮಾರುವುದು ಅವಳ ಕೆಲಸ. ಕೂದಲಿನಿಂದ ಚಪ್ಪಲಿಯವರೆಗೆ ಮೈಮೇಲೆಲ್ಲ ಕಂದು ಪುಡಿ ಇರುತ್ತಿದ್ದುದರಿಂದ ಆ ಹೆಸರಿಗೆ ಅವಳು ತಕರಾರು ಮಾಡುವ ಹಾಗೂ ಇರಲಿಲ್ಲ. ಅಂಗಡಿ ಎಂದರೆ ಎರಡೇ ಕೋಣೆ. ಹಿಂದಿನದರಲ್ಲಿ ಹುರಿಯುವ ಯಂತ್ರ. ಮುಂದಿನದರಲ್ಲಿ ಬೀಸುವ ಯಂತ್ರ, ತಕ್ಕಡಿ, ಮತ್ತೆ ಗಿರಾಕಿಗಳು ಕೂತು ಹರಟಲಿ ಎಂದು ಹಾಕಿಸಿದ ಒಂದು ಬೆಂಚು. ಆ ಬೆಂಚು ಹಾಕಿಸಿದ್ದೇ ತನ್ನ ಬುದ್ಧಿಗೇಡಿತನ ಎಂದು ಈ ವರ್ಷ ಅವಳಿಗೆ ಅನ್ನಿಸತೊಡಗಿತ್ತು.

ಬೆಂಚಿನವರು ಕಾಫಿ ಕೆಟ್ಟಿದೆ ಎನ್ನುತ್ತಿದ್ದರು. ಮೊದಲು ದರ್ಜಿ ಗೊಣಗಿದ. ಆಮೇಲೆ, ಎಂದೂ ಯಾರ ಮನಸ್ಸನ್ನೂ ನೋಯಿಸದ ನಿವೃತ್ತ ಮೇಷ್ಟರೇ ಪೊಟ್ಟಣವನ್ನು ವಾಪಸ್ಸು ತಂದು ತಕ್ಕಡಿಯ ಪಕ್ಕದಲ್ಲಿಟ್ಟರು.

"ತಪ್ಪು ತಿಳ್ಕೋಬೇಡಿ ಅಮ್ಮ. ಒಣಹುಲ್ಲು ಕುದಿಸಿ ಕುಡಿದ ಹಾಗಿದೆ."

ಇಷ್ಟು ಹೇಳಿದ ಮೇಲೆ ತಪ್ಪು ತಿಳಿಯದೆ ಇನ್ನೇನು ತಿಳಿಯುವುದು? ಮೇಷ್ಟರು ಹೋದಮೇಲೆ ಅದೇ ಪುಡಿಯಲ್ಲಿ ಕಾಫಿ ಮಾಡಿ ಕುಡಿದು ನೋಡಿದಳು. ಮೇಷ್ಟರು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಮೂಗಿಗೆ ಒಂದಿಷ್ಟು ಘಮ ಬರುತ್ತಿತ್ತು, ನಾಲಿಗೆಗೆ ಏನೂ ಸಿಗುತ್ತಿರಲಿಲ್ಲ.

ಅಂಗಡಿ ತೆರೆದಾಗಿನಿಂದಲೂ ಅವಳು ಬೀಜ ತರಿಸುತ್ತಿದ್ದದ್ದು ಒಂದೇ ಕಡೆಯಿಂದ, ಅಕ್ಕನ ತೋಟದಿಂದ. "ನಮ್ಮಕ್ಕ ಒಣಗಿಸಿದ್ದು ಕಣ್ರೀ" ಎಂದು ಎದೆಯುಬ್ಬಿಸಿ ಹೇಳಿಕೊಂಡೇ ಮಾರಿದವಳು. ಈಗ ಬೀಜ ಕೈಯಲ್ಲಿ ಹಿಡಿದರೆ ಬಿಳಿಚಿಕೊಂಡಿತ್ತು. ಹುರಿಯಲು ಹಾಕಿದರೆ ಹೊತ್ತಿಗೆ ಮುಂಚೆಯೇ ಚಟಪಟ ಸಿಡಿಯುತ್ತಿತ್ತು. ತೋಟದಿಂದ ಬಂದ ಒಣಕಾಯಿಯ ಸಿಪ್ಪೆ ಬಿಡಿಸಿ ಬೀಜ ಮಾಡಿಕೊಡುವ ಮಿಲ್ಲಿನವನನ್ನು ಕೇಳಿದಳು.

"ನಿಮ್ಮಕ್ಕನ ಕಾಯಿ ಮಿಷನ್ನಿಗೆ ಹಾಕಿದ್ರೆ ಅರ್ಧಕ್ಕರ್ಧ ನುಚ್ಚಾಗಿ ಬೀಳ್ತಿದೆ. ನನಗೇನೋ ಹಳೇ ಮಾಲು ಅನ್ನಿಸುತ್ತೆ. ನೀವು ನೀವು ಅಕ್ಕತಂಗಿ, ನನಗ್ಯಾಕೆ ಬಿಡಿ."

ತನಗ್ಯಾಕೆ ಎಂದವನೇ ಹಾಲಿಗೆ ಹುಳಿ ಹಿಂಡಿಬಿಟ್ಟಿದ್ದ. ಹೊಸ ಕಾಫಿ ಯಾರೋ ದೊಡ್ಡ ವ್ಯಾಪಾರಿಗೆ, ಹಳೆಯದು ತಂಗಿಗೆ. ಪುಡಿಯಮ್ಮನ ತಲೆಯೊಳಗೆ ಲೆಕ್ಕ ಸರಿಹೋಯಿತು. ಅಕ್ಕನ ಫೋನು ಕೂಡ ಆ ಲೆಕ್ಕಕ್ಕೇ ಹೊಂದುತ್ತಿತ್ತು. ಹೋದ ವರ್ಷದಿಂದ ಅಕ್ಕ ಫೋನಿನಲ್ಲಿ ತನ್ನ ಪಾಲಿನದ್ದನ್ನು ಹೇಳಿ ಮುಗಿಸಿ ಇಟ್ಟುಬಿಡುತ್ತಿದ್ದಳು. "ಬೀಜ ಯಾಕೋ ಸರಿ ಇಲ್ಲ ಅಕ್ಕ" ಎಂದರೆ, "ಹೂಂ, ಇಲ್ಲೂ ಬಿಸಿಲು ಜಾಸ್ತೀನೇ, ಇಡ್ಲಾ?" ಎನ್ನುವಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಳ್ಳತನ ಮಾಡಿದವರು ಮಾತು ಮರೆಸುವುದು ಹೀಗೆಯೇ ತಾನೇ?

ಅವಳಿಗೆ ಕೋಪ ಮೂಗಿನ ತುದಿಯಲ್ಲೇ. ಮಾರನೆಯ ದಿನ ಬೆಂಚು ತುಂಬಿದ್ದಾಗ ಹೇಳಿಯೇಬಿಟ್ಟಳು: "ತಪ್ಪು ನಂದಲ್ಲ. ನಮ್ಮಕ್ಕ ಹಳೇ ಮಾಲು ಕೊಟ್ಟು ಮೋಸ ಮಾಡಿದಾಳೆ. ಇನ್ಮೇಲೆ ಅವಳ ಹತ್ರ ಒಂದು ಕಾಳೂ ತಗೊಳಲ್ಲ." ಬೆಂಚಿಗೆ ಹೇಳುವುದೂ ಒಂದೇ, ಊರಿಗೆ ಡಂಗುರ ಹೊಡೆಸುವುದೂ ಒಂದೇ.

ಮರುದಿನ ಬೆಳಗ್ಗೆ ಅದನ್ನೇ ಅಕ್ಕನ ಮುಖಕ್ಕೂ ಹೇಳಿ ಬರಲು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಅಮ್ಮ ಸತ್ತಾಗ ಇವಳಿಗೆ ಲಂಗದ ಲಾಡಿ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ತಲೆ ಬಾಚಿದವಳು, ಬೆನ್ನಿಗೆ ಗುದ್ದಿದವಳು, ತುತ್ತಿಟ್ಟವಳು ಎಲ್ಲ ಅಕ್ಕನೇ. ಈ ಮಾತೊಂದು ಆಡಿದರೆ ತವರು ಎನ್ನುವುದು ಅಲ್ಲಿಗೆ ಮುಗಿಯಿತು. ಆಡದಿದ್ದರೆ ಅಂಗಡಿ ಮುಚ್ಚಬೇಕು.

ಅಕ್ಕ ಕಣದಲ್ಲಿದ್ದಳು. ತಲೆಗೆ, ಕಿವಿ ಮುಚ್ಚುವ ಹಾಗೆ, ಬಟ್ಟೆ ಬಿಗಿದಿದ್ದಳು. ಸಿಮೆಂಟಿನ ನೆಲದ ತುಂಬ ಕಾಫಿ ಹಣ್ಣು ಒಣಗಿ ಕಪ್ಪಾಗಿತ್ತು. ನಾಲ್ಕಾರು ಹೆಂಗಸರು ಉದ್ದ ಕೋಲಿನ ಹಲಗೆಯಿಂದ ಅದನ್ನು ಎಳೆದು ಹರವುತ್ತಿದ್ದರು.

"ಏನೇ ಪುಟ್ಟಿ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಅಂಗಡಿ ಯಾರು ನೋಡ್ಕೋತಾರೆ? ಇಳಿದು ಹೋಗಿದೀಯಲ್ಲೇ. ನಿಮ್ಮ ಬಾವ ಗೊಬ್ಬರ ತರೋಕೆ ಹೋಗಿದಾರೆ, ಬರೋದು ಸಂಜೆ ಆಗುತ್ತೆ."

"ನಿನ್ನ ಹತ್ರ ಒಂದು ಮಾತಾಡೋದಿದೆ."

"ಒಳಗೆ ಮಡಕೇಲಿ ನೀರಿದೆ, ಕುಡಿ ಹೋಗು" ಎಂದು ಅಕ್ಕ ಬಗ್ಗಿ, ಒಂದು ಹಿಡಿ ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

ಅವರ ಮನೆಯ ಪದ್ಧತಿ ಅದು. ಹಣ್ಣು ಸರಿಯಾಗಿ ಒಣಗಿದರೆ ಒಳಗಿನ ಬೀಜ ಸಿಪ್ಪೆಯಿಂದ ಬಿಟ್ಟುಕೊಂಡು ಗಲಗಲ ಎನ್ನುತ್ತದೆ. ಗಲಗಲ ಎಂದ ದಿನವೇ ಚೀಲಕ್ಕೆ ತುಂಬಬೇಕು. ಅಪ್ಪ ಇದನ್ನು ಕಲಿಸಿದ್ದು ಅಕ್ಕನಿಗೆ. ಅವಳು ಹೂಂ ಎನ್ನುವವರೆಗೆ ಆ ಕಣದಿಂದ ಒಂದು ಕಾಳು ಮೇಲೇಳುತ್ತಿರಲಿಲ್ಲ.

ಪುಡಿಯಮ್ಮ ಅಷ್ಟು ದೂರದಲ್ಲಿ ನಿಂತಿದ್ದಳು. ಅಲ್ಲಿಗೂ ಸ್ಪಷ್ಟವಾಗಿ ಕೇಳಿಸಿತು, ಗಲಗಲ. ಅಕ್ಕ ಹುಬ್ಬು ಗಂಟಿಕ್ಕಿ, ಇನ್ನೊಂದು ಕಿವಿಯ ಮೇಲಿನ ಬಟ್ಟೆ ಸರಿಸಿ, ಮತ್ತೆ ಅಲ್ಲಾಡಿಸಿದಳು. ಆಮೇಲೆ ಕಾಯಿಯನ್ನು ನೆಲಕ್ಕೆ ಚೆಲ್ಲಿದಳು.

"ಇನ್ನೂ ಆಗಿಲ್ಲ. ಇನ್ನೆರಡು ದಿನ ಬಿಸಿಲು ಕಾಣ್ಲಿ."

ಹರವುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ತಲೆ ತಗ್ಗಿಸಿದರು.

ಪುಡಿಯಮ್ಮ ಅಕ್ಕನ ಬೆನ್ನ ಹಿಂದೆ ಹೋಗಿ ನಿಂತು, "ಅಕ್ಕ" ಎಂದಳು. ಮತ್ತೊಮ್ಮೆ ಎಂದಳು. ಅಕ್ಕ ಬಿಸಿಲು ನೋಡುತ್ತ ನಿಂತೇ ಇದ್ದಳು. ಕೊನೆಗೆ ಅವಳೇ ತಿರುಗಿ, ತಂಗಿಯ ಮುಖ ಕಂಡು, ಏನೋ ಅರ್ಥವಾದವಳಂತೆ ಅವಳ ರಟ್ಟೆ ಹಿಡಿದು ಕಣದ ಪಕ್ಕದ ಉಗ್ರಾಣಕ್ಕೆ ಎಳೆದುಕೊಂಡು ಹೋದಳು.

"ಗೊತ್ತಾಯ್ತಾ?" ಎಂದಳು. "ಹೋದ ವರ್ಷ ಜ್ವರ ಬಂತಲ್ಲ, ಅದು ಹೋಗೋವಾಗ ಕಿವೀನೂ ತಗೊಂಡು ಹೋಯ್ತು."

"ಬಾವಂಗೆ ಹೇಳಿದ್ಯಾ?" ಪುಡಿಯಮ್ಮ ಅಕ್ಕನಿಗೆ ಕಾಣುವ ಹಾಗೆ ತುಟಿ ಅಗಲಿಸಿ ಕೇಳಿದಳು.

"ಹೇಗೆ ಹೇಳ್ಲೇ? ನಾನು ಹೇಳಿದ್ರೆ ಅವರು ಏನಾದ್ರೂ ಕೇಳ್ತಾರೆ. ಅದು ನನಗೆ ಗೊತ್ತಾಗ್ಬೇಕಾದ್ರೆ ಅವರು ಕಿರುಚಬೇಕು. ಕಿರುಚಿದ್ರೆ ಕಣಕ್ಕೆಲ್ಲ ಕೇಳ್ಸುತ್ತೆ. ಕಿವಿ ಇಲ್ಲದೋಳು ಕಣ ಏನು ನೋಡ್ಕೋತಾಳೆ ಅಂತ ಒಳಗೆ ಕೂರಿಸಿಬಿಡ್ತಾರೆ. ಅದಕ್ಕೇ ಎಲ್ಲರಿಗಿಂತ ಮುಂಚೆ ನಾನೇ ಮಾತಾಡಿ ಮುಗಿಸ್ತೀನಿ." ಅಕ್ಕ ತಂಗಿಯ ಕೈಮೇಲೆ ಕೈಯಿಟ್ಟಳು. "ನೀನೇನೂ ಹೆದರ್ಕೋಬೇಡ. ಹಸಿ ಉಳಿದ್ರೆ ಚೀಲದಲ್ಲೇ ಬೂಷ್ಟು ಹಿಡಿಯುತ್ತೆ, ನಿನ್ನ ಅಂಗಡಿ ಹೆಸರು ಕೆಡುತ್ತೆ. ಅದಕ್ಕೆ ಅನುಮಾನ ಬಂದಾಗೆಲ್ಲ ಇನ್ನೆರಡು ದಿನ ಬಿಸಿಲಿಗೆ ಬಿಡ್ತೀನಿ. ತೂಕ ಕಮ್ಮಿ ಆಗುತ್ತೆ, ಆಗ್ಲಿ, ನಷ್ಟ ನಂದು ತಾನೇ. ಕಾಫಿ ಚೆನ್ನಾಗಿ ಬರ್ತಿದೆ ಅಲ್ವಾ?"

ಪುಡಿಯಮ್ಮನಿಗೆ ದುಃಖ ಉಕ್ಕಿ ಬಂತು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ. ಹಾಗೆಂದು ಸುಳ್ಳು ಹೇಳಿದರೆ ಈ ವರ್ಷದ ಬೆಳೆಯೂ ಹಾಳು. ಒಂದು ಚೀಲದ ಬಾಯಿ ಬಿಚ್ಚಿ, ಒಂದು ಕಾಯಿ ಸುಲಿದು, ಬೀಜವನ್ನು ಹಲ್ಲಿನಲ್ಲಿ ಕಡಿದು ಅಕ್ಕನ ಅಂಗೈಗೆ ಹಾಕಿದಳು. ಅದು ಚೂರು ಚೂರಾಗಿತ್ತು.

ಅಕ್ಕನಿಗೆ ಅಷ್ಟು ಸಾಕಾಯಿತು. ಚೂರುಗಳನ್ನು ಬೆರಳಿನಿಂದ ಹೊರಳಿಸಿ ನೋಡಿದಳು. ಮುಖ ಸಣ್ಣದಾಯಿತು.

"ಸೀದುಹೋಗೋ ಹಾಗೆ ಒಣಗಿಸಿದೀನಿ. ಒಂದು ಮಾತು ಹೇಳಬಾರದಿತ್ತಾ ಪುಟ್ಟಿ?"

ಹೇಳಿದ್ದೆ, ಫೋನಿನಲ್ಲಿ, ಎಂದು ಪುಡಿಯಮ್ಮ ಹೇಳಲಿಲ್ಲ. ಅಕ್ಕ ಬಾಗಿಲಿಗೆ ಹೋಗಿ, "ಲೇ, ಸಾಕು ಹರವಿದ್ದು. ಗುಡ್ಡೆ ಹಾಕಿ, ಚೀಲ ತಗೊಂಡು ಬನ್ನಿ" ಎಂದು ಕೂಗಿದಳು. ಹೆಂಗಸರು ಇದಕ್ಕೇ ಕಾಯುತ್ತಿದ್ದವರ ಹಾಗೆ ಓಡಾಡತೊಡಗಿದರು. ಅಕ್ಕ ತಿರುಗಿ ಬಂದು ಕೇಳಿದಳು:

"ಮತ್ತೆ ಗಿರಾಕಿಗಳಿಗೆ ಏನಂತ ಹೇಳಿದೆ?"

ಪುಡಿಯಮ್ಮ ತಲೆ ತಗ್ಗಿಸಿದಳು. ನೆಲ ನೋಡುತ್ತಲೇ ಹೇಳಿದಳು: "ಅಕ್ಕ ಹಳೇ ಮಾಲು ಕೊಟ್ಟು ಮೋಸ ಮಾಡಿದಾಳೆ ಅಂದ್ಬಿಟ್ಟೆ. ತಪ್ಪಾಯ್ತು."

"ತಲೆ ಎತ್ತಿ ಹೇಳೇ. ಏನಂದೆ?"

ಏನಿಲ್ಲ ಎಂದುಬಿಡಬಹುದಿತ್ತು. ಅಕ್ಕನಿಗೆ ಕೇಳಿಸಿರಲಿಲ್ಲ, ಬೇರೆ ಯಾರೂ ಅಲ್ಲಿರಲಿಲ್ಲ. ಆದರೆ ಬೆಂಚಿನ ಮುಂದೆ ಎಲ್ಲರಿಗೂ ಕೇಳುವ ಹಾಗೆ ಆಡಿದ ಮಾತಿಗೆ ತಪ್ಪೊಪ್ಪಿಗೆ ಮಾತ್ರ ಗುಟ್ಟಿನಲ್ಲಿ ಎಂದರೆ ಅದು ಯಾವ ನ್ಯಾಯ? ಪುಡಿಯಮ್ಮ ತಲೆ ಎತ್ತಿ, ಅಕ್ಕನ ಮುಖ ನೋಡುತ್ತ, ಗಂಟಲು ಬಿರಿಯುವ ಹಾಗೆ ಕೂಗಿದಳು.

"ನೀನು ಮೋಸಗಾತಿ ಅಂತ ಪೇಟೆಗೆಲ್ಲ ಹೇಳ್ಬಿಟ್ಟೆ ಅಕ್ಕ. ನಂದು ತಪ್ಪಾಯ್ತು."

ಕಣದಲ್ಲಿ ಹಲಗೆಗಳು ನಿಂತುಬಿಟ್ಟವು. ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು. ಅಕ್ಕ ತಂಗಿಯನ್ನು ನೋಡಿದಳು, ಹೊರಗೆ ನಿಂತವರನ್ನು ನೋಡಿದಳು. ಅವಳ ಕಣ್ಣು ತುಂಬಿತು. ತಲೆಯ ಬಟ್ಟೆ ಬಿಚ್ಚಿ, ಅತ್ತು ಕೆಂಪಾದ ತಂಗಿಯ ಮೂತಿಯನ್ನು ಚಿಕ್ಕ ಮಗುವಿಗೆ ಒರೆಸುವ ಹಾಗೆ ಒರಟಾಗಿ ಒರೆಸಿ, ಹೊರಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಅದಕ್ಕೆ ಹಿಂಗ್ಯಾಕೆ ಕಿರುಚ್ತೀಯೇ? ನಾನೇನು ಕಿವುಡೀನಾ?"