ನಾಗಕ್ಕನ ವಿಡಿಯೋ ನೋಡಿ ಬಂದ ಕುರಿಮಂದೆ

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ನಾಗಕ್ಕ ಗೇಟಿನ ವಾಚ್‌ಮನ್ ಹತ್ತಿರ ಇಟ್ಟಿದ್ದ ಫೋನು ಇಸಕೊಂಡಳು. ಅಣ್ಣ ಚಿಕ್ಕತಿಮ್ಮಯ್ಯನ ವಾಯ್ಸ್ ಮೆಸೇಜ್ ಬಂದಿತ್ತು. ಅಮರಾಪುರದ ಕಡೆಯಿಂದ ಕುರಿ ಹೊಡೆದುಕೊಂಡು ಮೇವು ಹುಡುಕುತ್ತ ಊರೂರು ತಿರುಗುವವನು ಅವನು.

“ನಾಗೂ, ನಿನ್ನ ವಿಡಿಯೋ ನೋಡ್ದೆ ಕಣಮ್ಮ. ರಾಯದುರ್ಗದ ಹತ್ರಕ್ಕೇ ಬಂದಿದೀನಿ. ನಿಮ್ಮ ಫ್ಯಾಕ್ಟ್ರಿ ಹಿಂದ್ಲ ಹೊಂಡಕ್ಕೇ ಕುರಿ ತಿರುಗಿಸ್ದೆ. ನಿನ್ನೂ ನೋಡ್ದಂಗಾಯ್ತದೆ.”

ನಾಗಕ್ಕ ಬಿಚ್ಚುತ್ತಿದ್ದ ಬುತ್ತಿ ಕೆಳಗಿಟ್ಟು ಮೆಸೇಜನ್ನು ಇನ್ನೊಮ್ಮೆ ಹಾಕಿ ಕೇಳಿದಳು.

ಅವಳು ದುಡಿಯುವ ಯೂನಿಟ್ಟಿನಲ್ಲಿ ಜೀನ್ಸ್ ಹೊಲಿದು, ಕೆಮಿಕಲ್ ಮದ್ದು ಹಾಕಿ ತೊಳೆದು ಬಣ್ಣ ಇಳಿಸುತ್ತಾರೆ. ತೊಳೆದ ನೀರೆಲ್ಲ ಹಿಂದಿನ ಹೊಂಡಕ್ಕೆ. ಕಾಗೆಯೂ ಅಲ್ಲಿ ಕೊಕ್ಕು ಅದ್ದುವುದಿಲ್ಲ. ಆದರೆ ಕಂಪನಿಯ ಪೇಜಿನಲ್ಲಿ ಪರಿಸರ, ಸಮಾಜಸೇವೆ ಅಂತ ದಿನಕ್ಕೊಂದು ವಿಡಿಯೋ ಬೀಳಬೇಕಲ್ಲ! ಅದಕ್ಕೆಂದೇ ಇರುವ ಸುನೀಲ್ ಕಳೆದ ವಾರ ಹೊಂಡ ಖಾಲಿ ಮಾಡಿಸಿ ಟ್ಯಾಂಕರ್ ನೀರು ತುಂಬಿಸಿದ್ದ. ನಾಗಕ್ಕನ ಗಂಡ ಬೊಮ್ಮಣ್ಣ ತನ್ನ ಹತ್ತು ಕುರಿಗಳಿಗೆ ಬೆಳಿಗ್ಗೆಯೇ ಉಪ್ಪು ನೆಕ್ಕಿಸಿ ತಂದಿದ್ದ. ಪಾಪ, ಕುಡಿಯದೆ ಏನು ಮಾಡಿಯಾವು? ಪಕ್ಕದಲ್ಲಿ ನಿಂತು ನಾಗಕ್ಕ, “ನಮ್ ಕಂಪನಿಯೋರು ತೊಳೆದ ನೀರನ್ನ ಚೊಕ್ಕ ಮಾಡಿ ಬಿಡ್ತಾರ್ರಿ. ನಮ್ ಕುರಿ ಇದನ್ನ ಕುಡಿತಾವ್ರಿ” ಎಂದು ಕಲಿಸಿದಷ್ಟು ಹೇಳಿದ್ದಳು.

ವಿಡಿಯೋದ ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತದಂತೆ, ಪರದೇಶದ ಗಿರಾಕಿಗಳಿಗೆ ತೋರಿಸುತ್ತಾರಂತೆ. ನಮ್ಮವರ್ಯಾರು ನೋಡಬೇಕು ಅಂದುಕೊಂಡಿದ್ದಳು ಪುಣ್ಯಾತ್ಗಿತ್ತಿ. ಪರದೇಶದವರು ನೋಡಿದರೋ ಇಲ್ಲವೋ, ಕುರಿಯವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅದು ಸುತ್ತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಟ್ಯಾಂಕರ್ ನೀರು ಮೂರೇ ದಿನಕ್ಕೆ ಇಂಗಿತ್ತು. ಈಗ ಅಲ್ಲಿ ಇದ್ದದ್ದು ಬರೀ ಮದ್ದಿನ ನೀರು. ಬಣ್ಣ ತಳಕ್ಕಿಳಿದು ಮೇಲೆ ತಿಳಿಯಾಗಿ ಕಾಣುತ್ತಿತ್ತು. ಅದೇ ಇನ್ನೂ ಹೆದರಿಕೆ.

ಅಣ್ಣನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು. ಬುತ್ತಿ ಅಲ್ಲೇ ಬಿಟ್ಟು ಓಡಿದಳು. ಇನ್ನೂರು ಕುರಿ, ಅಣ್ಣನ ಬದುಕೇ ಅದು. ಕಾಂಪೌಂಡು ಸುತ್ತಿ ಹಿಂದಕ್ಕೆ ಬಂದಳು.

ಹೊಂಡದ ದಂಡೆಯಲ್ಲಿ ಸುನೀಲ್ ಕೋಲಿಗೆ ಫೋನು ಸಿಕ್ಕಿಸಿ ನಿಂತಿದ್ದ. “ಬಾ ನಾಗಕ್ಕಾ, ಬಾ! ಲೈವ್ ನಡೀತಿದೆ. ನಿನ್ನ ವಿಡಿಯೋ ನೋಡಿ ಅಷ್ಟು ದೂರದಿಂದ ಬಂದಿದಾರೆ ನೋಡು. ಸ್ವಲ್ಪ ನಗು!”

ಅವನ ಹಿಂದೆ, ನೀರಿಗೆ ಹತ್ತು ಮಾರು ದೂರದಲ್ಲಿ, ಚಿಕ್ಕತಿಮ್ಮಯ್ಯ ದೊಣ್ಣೆ ಅಡ್ಡ ಹಿಡಿದು ಮಂದೆಯನ್ನು ತಡೆದಿದ್ದ.

ನಾಗಕ್ಕ ಒಮ್ಮೆ ಫೋನಿನ ಕಡೆ, ಒಮ್ಮೆ ಅಣ್ಣನ ಕಡೆ ನೋಡಿದಳು. ಈ ಲೈವ್‌ನಲ್ಲಿ ಬಾಯಿ ಬಿಟ್ಟರೆ ಕೆಲಸ ಹೋಯಿತೆಂದೇ ಲೆಕ್ಕ. ರಾಯದುರ್ಗದ ಯಾವ ಯೂನಿಟ್ಟಿನವರೂ ಹತ್ತಿರ ಸೇರಿಸುವುದಿಲ್ಲ. ಅವಳಿಗೆ ನಿಜಕ್ಕೂ ಭಯವಾಯಿತು. ಅಷ್ಟರಲ್ಲಿ ಒಂದು ಟಗರು ದೊಣ್ಣೆ ದಾಟಲು ನೋಡಿತು.

“ಬ್ಯಾಡ ಅಣ್ಣಯ್ಯಾ!” ಎಂದು ಕಿರುಚಿದಳು. “ನಾನು ಹೇಳಿದ್ದು ಸುಳ್ಳು! ಇದು ಮದ್ದಿನ ನೀರು, ಕುರಿ ಬಿಡಬ್ಯಾಡ!”

ಸುನೀಲ್ ಫೋನನ್ನು ಕಿತ್ತು ಜೇಬಿಗೆ ತುರುಕಿದ. “ಏನ್ ಮಾಡಿದೆ ನಾಗಕ್ಕಾ?” ಎಂದ. ಅವಳು ಅವನ ಕಡೆ ನೋಡಲೂ ಇಲ್ಲ. ಹೋದರೆ ಹೋಗಲಿ ಕೆಲಸ, ಕುರಿ ಉಳಿದವಲ್ಲ! ದೇವರು ದೊಡ್ಡವನು ಎಂದು ಮೊಣಕಾಲ ಮೇಲೆ ಕೈಯೂರಿ ಉಸಿರು ಬಿಟ್ಟಳು.

ಚಿಕ್ಕತಿಮ್ಮಯ್ಯ ಮಾತ್ರ ನಿಂತಲ್ಲೇ ನಿಂತಿದ್ದ. ಹೆಗಲ ಮೇಲಿನ ಟವಲಿನಿಂದ ತುಟಿ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

“ಕುರಿ ಇನ್ನೂ ಬಿಟ್ಟಿಲ್ಲ ಕಣಮ್ಮ” ಎಂದ. “ಹೊಸ ನೀರಲ್ವಾ, ಮೊದ್ಲು ನಾವು ಕುಡ್ದು ನೋಡ್ಬೇಕು ಅಂತ ಅಪ್ಪ ಹೇಳ್ಕೊಟ್ಟಿತ್ತು. ನಾಕು ಬೊಗಸೆ ಕುಡ್ದೆ. ಮೊದಲ್ನೇದಕ್ಕೇ ಗಂಟ್ಲು ಉರೀತು. ನೀನೇ ಹೇಳಿದೀಯಲ್ಲ ಅಂತ ಇನ್ನೂ ಮೂರು ಕುಡ್ದೆ.”