ಕ್ಯಾಮೆರಾದ ಎಡಗಡೆ

ಸೋಪು ಕರಗಿ, ಕಂಪನಿ ಮುಚ್ಚಿ, ತಲೆ ಅರ್ಧ ಬೋಳಾದರೂ ಊರಿಗೆಲ್ಲ ಅವನು ಇನ್ನೂ ‘ಸೋಪು ಪಾಪು’ವೇ. ಎರಡನೇ ವಯಸ್ಸಿನಲ್ಲಿ ಸೋಪಿನ ಜಾಹೀರಾತಿಗೆ ನಕ್ಕವನು. ಕ್ಯಾಮೆರಾದ ಎಡಗಡೆ ನಿಂತ ಅಮ್ಮ ಎರಡು ಬೆರಳಿಂದ ತನ್ನ ತುಟಿ ಅಗಲಿಸಿದರೆ ಸಾಕು, ಮಗ ಹಲ್ಲು ಕಿರಿಯುತ್ತಿದ್ದ. ದೊಡ್ಡವನಾಗಿ ನಟನಾದ ಮೇಲೂ ಸಿಕ್ಕಿದ್ದು ಬರೀ ನಗುವ ಪಾತ್ರಗಳು.

ಅಮ್ಮ ತೀರಿಕೊಂಡು ಮೂರು ತಿಂಗಳಿಗೆ ಮೊದಲ ಸಲ ಅಳುವ ಪಾತ್ರ ಸಿಕ್ಕಿತು: ಮಗುವನ್ನು ಕಳೆದುಕೊಂಡ ಅಪ್ಪ. ಆದರೆ ‘ಆ್ಯಕ್ಷನ್’ ಎಂದೊಡನೆ ಕಣ್ಣು ತಾನಾಗಿ ಎಡಕ್ಕೆ ಹೊರಳುತ್ತಿತ್ತು, ತುಟಿ ಅರಳುತ್ತಿತ್ತು. ನಾಲ್ಕು ಟೇಕೂ ಹಾಳು.

“ಸತ್ತಿರೋದು ನಿನ್ನ ಮಗು ಕಣಯ್ಯ! ಸ್ನಾನ ಮುಗಿಸಿ ಬಂದೋನ ಥರ ನಗ್ತೀಯಲ್ಲ! ಇನ್ನೊಂದೇ ಟೇಕು, ಆಮೇಲೆ ಬೇರೆಯವರನ್ನ ಕರೆಸ್ತೀನಿ,” ಎಂದು ನಿರ್ದೇಶಕ ರೇಗಿದ.

ಅವನು ಮೇಕಪ್ಪಿನ ಅಕ್ಕನ ಬಳಿ ಹೋಗಿ, “ಅಕ್ಕಾ, ಆ ಎಡಗಡೆ ಸ್ವಲ್ಪ ನಿಂತ್ಕೊಳ್ತೀರಾ? ಖಾಲಿ ಇದ್ರೆ ಅಮ್ಮ ಬಂದುಬಿಡ್ತಾಳೆ,” ಎಂದ.

“ಅಲ್ಲಿ ನಿಂತು ನಾನೇನಪ್ಪಾ ಮಾಡ್ಲಿ?”

“ಏನೂ ಮಾಡ್ಬೇಡಿ.”

ಅಕ್ಕ ಪೌಡರ್ ಡಬ್ಬಿ ಹಿಡಿದು ಸುಮ್ಮನೆ ನಿಂತಳು. ಈ ಸಲವೂ ಅವನ ಕಣ್ಣು ಅತ್ತಲೇ ಹೋಯಿತು. ಅಲ್ಲಿದ್ದವಳು ಅಮ್ಮನಲ್ಲ. ಮೂರು ತಿಂಗಳಿಂದ ಬಾರದ ಅಳು ಒತ್ತರಿಸಿಕೊಂಡು ಬಂತು.

“ಓಕೆ!” ಎಂದ ನಿರ್ದೇಶಕ.

ಅಕ್ಕ ತನ್ನ ಪೆಟ್ಟಿಗೆಯತ್ತ ನಡೆದಳು. ಖಾಲಿಯಾದ ಜಾಗವನ್ನು ನೋಡುತ್ತಾ, ಕೆನ್ನೆ ಒರೆಸಿಕೊಳ್ಳದೆಯೇ, ಅವನು ಹಲ್ಲು ಕಿರಿದ.